ನೆರಳಿಗೆ ಬೀಗ

“ಏ ಗಿಡ್ಡಿ, ನಿನ್ನ ಗಂಡ ಏನು ಬೀಗರ ಮನೆಗೆ ಬಂದಿದ್ದಾನೇನೇ? ಆರಾಮಾಗಿ ಕೂತ್ಬಿಟ್ಟಿದ್ದಾನೆ! ಎಬ್ಬಿಸೇ ಆ ಬೋಳಿಮಗನ್ನ!”

ಮೇಸ್ತ್ರಿ ಕೂಗಿದ ರಭಸಕ್ಕೆ ತಾರಿನ ಡ್ರಮ್ಮಿನ ಕೆಳಗೆ ಸೌದೆ ತುರುಕುತ್ತಿದ್ದವನೂ ತಿರುಗಿ ನೋಡಿದ. ಗಿಡ್ಡಿ ತಲೆಯ ಮೇಲಿದ್ದ ಜಲ್ಲಿಯ ಬಾಣಲೆಯನ್ನು ಕೆಳಗಿಳಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡು ರಸ್ತೆಯ ಆಚೆ ನೋಡಿದಳು. ರೋಡ್ ರೋಲರಿನ ಗಾಲಿಯ ಪಕ್ಕ, ನಡುಮಧ್ಯಾಹ್ನದ ಸೂರ್ಯ ಉಳಿಸಿಹೋಗಿದ್ದ ಒಂದು ಗೇಣು ನೆರಳಿನಲ್ಲಿ, ಅವಳ ಗಂಡ ಮಂಡಿಗಳನ್ನು ಗಲ್ಲಕ್ಕೆ ಒತ್ತಿಕೊಂಡು ಕೂತಿದ್ದ. ಆಳು ಆರಡಿಗೂ ಮೇಲೆ. ಎಷ್ಟು ಮಡಚಿಕೊಂಡರೂ ಪಾದಗಳೆರಡು ಬಿಸಿಲಿನಲ್ಲೇ ಉಳಿದಿದ್ದವು. ಪಾದಕ್ಕೆ ಸುತ್ತಿದ ಗೋಣಿಚೀಲ ತಾರು ಕುಡಿದು ಕಲ್ಲಿನಂತಾಗಿತ್ತು.

“ಬಂದೆ ಮೇಸ್ತ್ರಿ. ರೋಲರಿಗೆ ಯಾಕೋ ತಲೆನೋವಂತೆ, ಹಣೆ ಒತ್ತಿ ಬರೋಣ ಅಂತ ಕೂತೆ.”

ಹೆಂಗಸರು ಕಿಸಕ್ಕೆಂದರು. ಮೇಸ್ತ್ರಿ ನಗಲಿಲ್ಲ. “ನಿನ್ನ ಹಲ್ಕಾ ತಮಾಷೆ ನನ್ನ ಹತ್ರ ಬೇಡ. ನೆರಳು ಬೇಕಾದ್ರೆ ನಿಮ್ಮಪ್ಪನ ಮನೆಯಿಂದ ಹೊತ್ಕೊಂಡು ಬಾ.”

“ಅಪ್ಪನ ಮನೇಲಿಲ್ಲ. ನನ್ನ ಮನೆ ಹಿಂದಿದೆ. ಹೊತ್ಕೊಂಡು ಬರೋಕೆ ಬೇರು ಬಿಡ್ತಾ ಇಲ್ಲ.”

ಗ್ಯಾಂಗಿನವರಿಗೆಲ್ಲ ಅವನು ಉದ್ದ, ಅವಳು ಗಿಡ್ಡಿ. ಇಬ್ಬರಿಗೂ ಅಪ್ಪ-ಅಮ್ಮ ಇಟ್ಟ ಹೆಸರುಗಳಿದ್ದವು, ಆದರೆ ಅವು ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡುತ್ತಿದ್ದವು. ಮದುವೆಯಾದ ಮೊದಲ ವಾರ ಅವನು ಅವಳ ಪಕ್ಕ ನಿಂತು, ತನ್ನ ಎದೆಗೆ ಅವಳ ನೆತ್ತಿ ತಾಗುವುದನ್ನು ನೋಡಿ, “ಊರುಗೋಲು ಬೇಕು ಅಂದಿದ್ದೆ, ಇಷ್ಟು ಚಿಕ್ಕದು ಕೊಟ್ಟಿದ್ದಾರಲ್ಲ” ಅಂದಿದ್ದ. ಅವತ್ತಿನಿಂದ ಅವಳು ಗಿಡ್ಡಿ. ಅವಳೂ ಬಿಡಲಿಲ್ಲ, ಉದ್ದ ಅಂತಲೇ ಕರೆದಳು. ಇಪ್ಪತ್ತೆರಡು ವರ್ಷ ಹಾಗೇ ನಡೆದಿತ್ತು.

ಮನೆಯ ಹಿಂದೆ ನೆರಳಿದೆ ಅಂದದ್ದು ಸುಳ್ಳಲ್ಲ. ರಸ್ತೆ ಕೆಲಸದವರದು ನಲವತ್ತು ತಗಡಿನ ಮನೆ, ಎರಡು ಸಾಲು. ಅದರ ಹಿಂದೆ ಯಾರದೂ ಅಲ್ಲದ ಒಂದು ಬಯಲು. ಹದಿನಾಲ್ಕು ವರ್ಷದ ಹಿಂದೆ ದೊಡ್ಡ ರಸ್ತೆಯನ್ನು ಅಗಲ ಮಾಡುವಾಗ ಬದಿಯಲ್ಲಿದ್ದ ಬೇವಿನ ಸಸಿಗಳನ್ನು ಕಿತ್ತೆಸೆಯಿರಿ ಎಂದು ಆಗಿನ ಮೇಸ್ತ್ರಿ ಹೇಳಿದ್ದ. ಉದ್ದ ಕಿತ್ತ, ಆದರೆ ಎಸೆಯಲಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿ ಹನ್ನೊಂದು ಸಸಿಗಳನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಬಯಲಿನಲ್ಲಿ ನೆಟ್ಟ.

“ಕುಡಿಯೋಕೆ ಅರ್ಧ ಮೈಲಿ ಹೋಗಿ ನೀರು ತರ್ತೀನಿ. ನಿನ್ನ ಗಿಡಕ್ಕೆ ನಾನು ಹಾಕಲ್ಲ, ಹೇಳಿದೀನಿ” ಎಂದು ಗಿಡ್ಡಿ ಜಗಳವಾಡಿದ್ದಳು.

ಅವನು ವಾದ ಮಾಡಲಿಲ್ಲ. ತನ್ನ ಸ್ನಾನದ ಒಂದು ಬಕೆಟ್ ನೀರನ್ನು ಎತ್ತಿಕೊಂಡು ಹೋಗಿ ಸಸಿಯ ಬುಡದಲ್ಲಿ ಕೂತು ಮೈ ತೊಳೆದುಕೊಂಡ. ಇವತ್ತು ಒಂದರ ಬುಡ, ನಾಳೆ ಇನ್ನೊಂದರದು. “ಇವತ್ತು ಯಾರ ಸರದೀನಪ್ಪ?” ಎಂದು ಕೇರಿಯವರು ಕೇಳಿದರೆ, “ಏಳನೇದು. ಸೋಪು ಹಾಕ್ಬೇಡ, ಕಣ್ಣು ಉರಿಯತ್ತೆ ಅಂದಿದೆ” ಅನ್ನುತ್ತಿದ್ದ. ಹನ್ನೊಂದರಲ್ಲಿ ಒಂಬತ್ತು ಬದುಕಿದವು. ಈಗ ಅವುಗಳ ತಲೆಗಳು ಒಂದಕ್ಕೊಂದು ಕೂಡಿಕೊಂಡು ಚಪ್ಪರವಾಗಿದ್ದವು. ಬೇಸಿಗೆ ಬಂತೆಂದರೆ ತಗಡಿನ ಮನೆಗಳು ಖಾಲಿ. ಹೊಲಿಗೆಯಕ್ಕ ತನ್ನ ಮಿಷನ್ನನ್ನೇ ಮರದ ಕೆಳಗೆ ತಂದಿಟ್ಟುಕೊಳ್ಳುತ್ತಿದ್ದಳು. ಬಾಣಂತಿಯರು ಕೊಂಬೆಗೆ ಸೀರೆಯ ಜೋಲಿ ಕಟ್ಟುತ್ತಿದ್ದರು. ಗಿಡ್ಡಿಯ ಮಗಳು ಓದಿದ್ದು, ಋತುಮತಿಯಾಗಿ ಮೂರು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದ್ದು, ಮದುವೆಯಾಗಿ ದೂರದ ಊರಿಗೆ ಹೊರಡುವಾಗ ಅತ್ತಿದ್ದು ಎಲ್ಲ ಆ ನೆರಳಿನಲ್ಲೇ.

ಯೋಜನಾ ಪ್ರಾಧಿಕಾರದಿಂದ ಸರ್ವೆ ಮೇಡಮ್ ಬಂದದ್ದು ಅಲ್ಲಿಗೇ. ಚಿಕ್ಕ ವಯಸ್ಸಿನ ಹುಡುಗಿ. ಬೆವರು ಒರೆಸಿ ಒರೆಸಿ ಮುಖ ಕೆಂಪಾಗಿತ್ತು. ವರ್ಷದಿಂದ ವರ್ಷಕ್ಕೆ ಬಿಸಿಲು ಏರುತ್ತಿದೆ, ಇನ್ನೂ ಏರುತ್ತದೆ, ಊರನ್ನು ಅದಕ್ಕೆ ಸಜ್ಜು ಮಾಡಲು ದೊಡ್ಡ ಯೋಜನೆ ತಯಾರಾಗುತ್ತಿದೆ, ನಿಮ್ಮ ಅಭಿಪ್ರಾಯ ಬೇಕು ಅಂದಳು. ಅವರ ಅಭಿಪ್ರಾಯವನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲವಾದ್ದರಿಂದ ಒಂದು ಗಳಿಗೆ ಎಲ್ಲರೂ ಮುಖ ಮುಖ ನೋಡಿಕೊಂಡರು.

ಅವಳ ಕೈಯಲ್ಲಿ ಪಿಸ್ತೂಲಿನಂಥ ಒಂದು ಮಾಪಕವಿತ್ತು. ಗುಂಡಿ ಒತ್ತಿ ತಗಡಿನ ಮಾಡಿಗೆ ಗುರಿಯಿಟ್ಟಳು. “ಅರವತ್ತೊಂದು ಡಿಗ್ರಿ.” ಮರದ ಕೆಳಗಿನ ಮಣ್ಣಿಗೆ ಹಿಡಿದಳು. “ಮೂವತ್ನಾಲ್ಕು.”

“ನನಗೊಂದು ಹಿಡೀರಿ ಮೇಡಮ್,” ಉದ್ದ ಎದೆ ಕೊಟ್ಟು ನಿಂತ. “ನಮ್ಮ ಗಿಡ್ಡಿಗೆ ಹಿಡೀಬೇಡಿ, ಮಿಷನ್ ಸುಟ್ಟು ಹೋಗತ್ತೆ.”

ಮೇಡಮ್ ನಕ್ಕುಬಿಟ್ಟಳು. ನೆಲದ ಮೇಲೇ ಕೂತಳು. ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡಳು. ಮಾಡಿಗೆಲ್ಲ ಬಿಳಿ ಬಣ್ಣ ಬಳಿಸಿಕೊಡಿ ಎಂದಳು ಹೊಲಿಗೆಯಕ್ಕ. ಸಾಲಿಗೊಂದು ನಲ್ಲಿ ಎಂದಳು ಗಿಡ್ಡಿ. ಹನ್ನೆರಡರಿಂದ ಮೂರೂವರೆ ಬಯಲಿನ ಕೆಲಸ ನಿಲ್ಲಿಸಿ ಎಂದ ಉದ್ದ. “ಈ ಮರ ಇದೆಯಲ್ಲ, ಇದನ್ನ ಯಾರೂ ಮುಟ್ಟದ ಹಾಗೆ ಬರ್ಕೊಳ್ಳಿ. ಇನ್ನೂ ಒಂದಷ್ಟು ನೆಡೋದಾದ್ರೆ ಗುಂಡಿ ನಾನು ತೋಡಿ ಕೊಡ್ತೀನಿ.”

“ಎಲ್ಲಾನೂ ಬರೆದಿದೀನಿ ಅಣ್ಣ” ಅಂದಳು ಮೇಡಮ್. ಹೊರಡುವಾಗ ಮರದ ಕೆಳಗೆ ಕೂತವರದೊಂದು ಫೋಟೋ ತೆಗೆದಳು.

ಯೋಜನೆಯ ಬಗ್ಗೆ ಸಾರ್ವಜನಿಕರ ಸಭೆ ಎಂದು ಚೀಟಿ ಬಂದಾಗ ಒಂಬತ್ತು ಜನ ಅರ್ಧ ದಿನದ ಕೆಲಸ ಬಿಟ್ಟು ಹೋದರು. ಪ್ರಾಧಿಕಾರದ ಸಭಾಂಗಣದ ಬಾಗಿಲು ತೆಗೆದದ್ದೇ ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಗಿಡ್ಡಿಗೆ ಮೈ ಜುಮ್ಮೆಂದಿತು. ಒಳಗೆ ಕಾಲಿಡಬೇಕು, ಜವಾನ ಅಡ್ಡ ಬಂದ.

“ನಿಲ್ರಿ, ನಿಲ್ರಿ! ಕಾಲು ನೋಡ್ಕೊಳ್ಳಿ ಮೊದಲು. ಹೊಸ ಕಾರ್ಪೆಟ್ಟು. ತಾರು ಹತ್ತಿದ್ರೆ ನಿಮ್ಮಪ್ಪ ಬಂದು ತೊಳೀತಾನಾ?”

ಸೀಮೆಎಣ್ಣೆ ಹಾಕಿ ಉಜ್ಜಿದ್ದರೂ ಉಗುರಿನ ಸಂದಿಯ ತಾರು ಹೋಗಿರಲಿಲ್ಲ. ಜವಾನ ಹಳೆಯ ಪೇಪರು ತಂದು ಹಿಂದಿನ ಗೋಡೆಯ ಉದ್ದಕ್ಕೂ ಹಾಸಿದ. ಮುಂದೆ ಎರಡು ಸಾಲು ಕುರ್ಚಿ ಖಾಲಿ ಇದ್ದವು. ಒಂಬತ್ತು ಜನ ಪೇಪರಿನ ಮೇಲೆ ಕಾಲು ಜೋಡಿಸಿಕೊಂಡು ನಿಂತರು.

ಸರ್ವೆ ಮೇಡಮ್ ಅವರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಓದಿದಳು. ತನ್ನ ಮಾತು ಮೈಕಿನಲ್ಲಿ ಬಂದಾಗ ಗಿಡ್ಡಿ ಪಕ್ಕದವಳ ಕೈ ಚಿವುಟಿದಳು. ಆಮೇಲೆ ಪಕ್ಕದ ಬಡಾವಣೆಯ ಸಂಘದ ಅಧ್ಯಕ್ಷರು ಎದ್ದರು. “ಸರ್, ಶೀಟ್ ಮನೆಯವರಿಗೆ ಇವತ್ತು ನಲ್ಲಿ ಕೊಟ್ರೆ ನಾಳೆ ಹಕ್ಕುಪತ್ರ ಕೇಳ್ತಾರೆ. ಅಲ್ಲೊಂದು ಒಳ್ಳೆ ಮರಗಳ ಜಾಗ ಇದೆ, ಗಲೀಜು ಮಾಡ್ಕೊಂಡು ಕೂತಿದ್ದಾರೆ. ಅದನ್ನ ಅಭಿವೃದ್ಧಿ ಮಾಡಿ. ನಮ್ಮ ಕಡೆಯ ಹಿರಿಯರಿಗೆ ವಾಕಿಂಗ್ ಮಾಡೋಕೆ ತಂಪು ಜಾಗವೇ ಇಲ್ಲ.”

ವೇದಿಕೆಯ ಮೇಲಿದ್ದ ಪ್ರಾಧಿಕಾರದ ಸಾಹೇಬರು ತಲೆಯಾಡಿಸಿ, ಹಿಂದೆ ನಿಂತವರ ಕಡೆ ಕೈ ತೋರಿಸಿದರು. “ನೀವು ಏನಾದ್ರೂ ಹೇಳೋದಿದೆಯಾ? ಬೇಗ ಹೇಳಿ.”

ಉದ್ದ ಗಂಟಲು ಸರಿಮಾಡಿಕೊಂಡ. “ಸ್ವಾಮಿ, ರಸ್ತೆ ಎಲ್ಲಿಗೂ ಓಡಿ ಹೋಗಲ್ಲ. ಮಧ್ಯಾಹ್ನ ಮೂರೂವರೆ ತನಕ ಅಲ್ಲೇ ಬಿದ್ದಿರತ್ತೆ. ಬೆಳಗಿನ ಐದಕ್ಕೇ ಬಂದು ಕೆಲಸ ಮುಗಿಸಿಕೊಡ್ತೀವಿ. ಆ ಬಿಸಿಲಲ್ಲಿ ಮಾತ್ರ...”

“ಬೆಳಗಿನ ಐದಕ್ಕೆ ನೀನು ಡ್ರಮ್ಮು ಉರುಳಿಸಿದ್ರೆ ಬಡಾವಣೆಯವರು ನಿದ್ದೆ ಮಾಡೋದು ಬೇಡ್ವಾ?” ಸಾಹೇಬರು ಸುತ್ತ ನೋಡಿ ನಕ್ಕರು. “ಬಿಸಿಲು ನಿಮಗೇನು ಹೊಸದೇನಪ್ಪ? ಹುಟ್ಟಿದಾಗಿನಿಂದ ಒಗ್ಗಿರೋ ಮೈ. ಕಷ್ಟ ನಮ್ಮಂಥವರದು.”

ಕುರ್ಚಿಗಳೂ ನಕ್ಕವು. ಗಿಡ್ಡಿ ತಲೆಯೆತ್ತಿ ಗಂಡನನ್ನು ನೋಡಿದಳು. ಅವನೂ ನಗುತ್ತಿದ್ದ, ಆದರೆ ಕಿವಿಗಳು ಕೆಂಪಗಾಗಿದ್ದವು.

ಮನೆಯ ದಾರಿಯಲ್ಲಿ ಅವನು, “ನನ್ನ ಕಾಲ ಕೆಳಗಿನ ಪೇಪರಲ್ಲಿ ಯಾವನೋ ದೊಡ್ಡ ಮನುಷ್ಯನ ಫೋಟೋ ಇತ್ತು ಕಣೇ. ಅವನ ಮೂಗು ತುಳಿದು ಬಂದೆ” ಅಂದ. ಅವಳು ಬೇಕೆಂದೇ ಜೋರಾಗಿ ನಕ್ಕಳು. ಅವನಿಗೆ ನಗು ಬರಲಿಲ್ಲ.

ಮಳೆಗಾಲ ಕಳೆಯುವಷ್ಟರಲ್ಲಿ ಬಯಲಿನ ಸುತ್ತ ಕಬ್ಬಿಣದ ಬೇಲಿ ಎದ್ದಿತು. ಒಳಗಿನ ಕಾಲುದಾರಿಯ ಗುತ್ತಿಗೆ ಅವರ ಮೇಸ್ತ್ರಿಗೇ ಸಿಕ್ಕಿತು. ಕಲ್ಲು ಜೋಡಿಸಿದವನು ಉದ್ದನೇ. ಮರದ ಬೇರು ಬಂದ ಕಡೆ ದಾರಿಯನ್ನು ಸ್ವಲ್ಪ ತಿರುಗಿಸಿದ್ದಕ್ಕೆ ಮೇಸ್ತ್ರಿಯಿಂದ ಅಮ್ಮ ಅಕ್ಕ ಎಲ್ಲ ಸೇರಿಸಿ ಬೈಸಿಕೊಂಡ. ಗೇಟು ಬಂತು. ಗೇಟಿನ ಪಕ್ಕ ಬೋರ್ಡು ಬಂತು. ಕೇರಿಯಲ್ಲಿ ಓದು ಬಲ್ಲವಳು ಹೊಲಿಗೆಯಕ್ಕ. ಎಲ್ಲರೂ ಅವಳನ್ನು ಮುಂದೆ ತಳ್ಳಿದರು.

“‘ತಂಪು ವನ. ಏರುತ್ತಿರುವ ತಾಪಮಾನದಿಂದ ಸಾರ್ವಜನಿಕರ ರಕ್ಷಣೆಗಾಗಿ.’ ಆಮೇಲೆ... ‘ಮಲಗುವುದು, ಊಟ ಮಾಡುವುದು, ಜೋಲಿ ಕಟ್ಟುವುದು, ಹೊಲಿಗೆ ಯಂತ್ರ ಮುಂತಾದವುಗಳನ್ನು ತರುವುದು ನಿಷೇಧ.’ ಅಯ್ಯೋ ಇವರ ಮನೆ ಹಾಳಾಗ! ನನ್ನ ಮಿಷನ್ನನ್ನೂ ಬರೆದಿದ್ದಾರೆ!”

“ಹೊತ್ತು? ತೆಗೆಯೋ ಹೊತ್ತು ಎಷ್ಟು?”

“‘ಬೆಳಿಗ್ಗೆ ಐದರಿಂದ ಹತ್ತು. ಸಂಜೆ ನಾಲ್ಕರಿಂದ ಎಂಟು. ಹತ್ತರಿಂದ ನಾಲ್ಕರವರೆಗೆ ನಿರ್ವಹಣೆಗಾಗಿ ಮುಚ್ಚಲಾಗಿರುತ್ತದೆ.’”

“ಆ ಹೊತ್ತಿಗೆ ಬಿಸಿಲೂ ಊಟಕ್ಕೆ ಹೋಗತ್ತೇನೋ” ಅಂದ ಉದ್ದ. ಬೋರ್ಡಿನ ತುದಿಯಲ್ಲಿ ಒಂದು ದೊಡ್ಡ ಫೋಟೋ. ಮರದ ಕೆಳಗೆ ನಗುತ್ತಾ ಕೂತ ಜನ, ನಡುವೆ ಎಲ್ಲರಿಗಿಂತ ಎತ್ತರಕ್ಕೆ ಎದ್ದು ಕಾಣುವ ಉದ್ದ.

ಸರ್ವೆ ಮೇಡಮ್ ಒಂದು ಸಂಜೆ ಒಬ್ಬಳೇ ಬಂದು ಬೇಲಿಯ ಹೊರಗೆ ನಿಂತಿದ್ದಳು. “ನಾನು ಬರೆದಿದ್ದು ಹೀಗಲ್ಲ ಅಣ್ಣ” ಅಂದಳು.

“ಗೊತ್ತು ಮೇಡಮ್. ನೀವು ಬರ್ದಿದ್ದು ನೆರಳು. ಅವರು ಓದಿದ್ದು ಬೇಲಿ.”

ಅವಳು ಬೋರ್ಡಿನ ಫೋಟೋವನ್ನು ಒಮ್ಮೆ ನೋಡಿ ಹೊರಟುಹೋದಳು. ಬೇರೆ ಊರಿಗೆ ವರ್ಗವಾಯಿತೆಂದು ಆಮೇಲೆ ಸುದ್ದಿ ಬಂತು.

ಮುಂದಿನ ಬೇಸಿಗೆಯಲ್ಲಿ ತಂಪು ವನದ ಮುಂದಿನ ರಸ್ತೆಗೇ ತಾರು ಹಾಕುವ ಕೆಲಸ ಬಿತ್ತು. ಅವತ್ತು ಬೆಳಗಿನಿಂದ ಉದ್ದ ಒಂದು ತಮಾಷೆಯನ್ನೂ ಮಾಡಿರಲಿಲ್ಲ. ಗಿಡ್ಡಿ ಎರಡು ಸಲ ನೀರು ಕೊಟ್ಟಳು. ಎರಡನೆಯ ಸಲ ಅವನು ಕುಡಿದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು. ಬಿಸಿಲು ನೆತ್ತಿಗೆ ಬಂದಾಗ ಅವಳು ಅವನ ತೋಳು ಮುಟ್ಟಿದಳು. ಬೆವರಿಲ್ಲ. ಚರ್ಮ ಒಣಗಿದ ಗೋಡೆಯ ಹಾಗೆ, ಒಳಗೆ ಬೆಂಕಿಯಿಟ್ಟ ಗೋಡೆಯ ಹಾಗೆ.

“ಮೇಸ್ತ್ರಿ, ಇವನಿಗೆ ಮೈ ಸರಿಯಿಲ್ಲ, ಸ್ವಲ್ಪ ಹೊತ್ತು ಕೂರಿಸ್ತೀನಿ.”

“ತಾರು ಕಾದಿದೆ ಗಿಡ್ಡಿ! ಇವನು ಕೂತ್ರೆ ನೀನು ಹೊಯ್ತೀಯಾ?”

ಉದ್ದ ಕೈಯ ಸಲಿಕೆಯನ್ನು ಕೆಳಗೆ ಬಿಟ್ಟ. ಅವಳ ಕಡೆ ತಿರುಗಿ, ಯಾರೋ ಹೊಸಬಳನ್ನು ನೋಡುವಂತೆ ನೋಡಿ, ಅವಳ ಹೆಸರು ಹಿಡಿದು ಕರೆದ. ಅಪ್ಪ-ಅಮ್ಮ ಇಟ್ಟ ಹೆಸರು. ಇಷ್ಟು ವರ್ಷದಲ್ಲಿ ಅವನ ಬಾಯಲ್ಲಿ ಒಮ್ಮೆಯೂ ಬಾರದ ಹೆಸರು. “ಬಕೆಟ್ ತಗೋ. ಇವತ್ತು ಏಳನೇದರ ಸರದಿ” ಅಂದ.

ಗಿಡ್ಡಿ ಅವನ ಸೊಂಟಕ್ಕೆ ಕೈ ಹಾಕಿ ಕೂಗಿದಳು. ಇಬ್ಬರು ಹೆಂಗಸರು ಬಾಣಲೆ ಬಿಸಾಡಿ ಓಡಿಬಂದರು. ಮೂವರೂ ಸೇರಿ ಅವನನ್ನು ಎಳೆದುಕೊಂಡು ಗೇಟಿನ ತನಕ ತಂದು ನೆಲಕ್ಕಿಳಿಸಿದರು.

ಒಳಗೆ ವಾಚ್‌ಮನ್ ಸ್ಟೂಲಿನ ಮೇಲೆ ಕೂತಿದ್ದ. ಅವನೂ ಅವರಂತೆಯೇ ಪಕ್ಕದ ಕೇರಿಯ ತಗಡಿನ ಮನೆಯವನು.

“ಬೀಗ ತೆಗಿ ಅಣ್ಣ! ಮರದ ಕೆಳಗೆ ಮಲಗಿಸ್ತೀನಿ, ಅಷ್ಟೇ!”

“ಅಕ್ಕ, ಅಲ್ಲಿ ನೋಡು ಕ್ಯಾಮೆರಾ. ಹೋದ ವಾರ ಯಾರನ್ನೋ ಬಿಟ್ಟ ಅಂತ ಹಳಬನ್ನ ತೆಗೆದುಹಾಕಿದ್ರು. ತಾಳು, ಸಾಹೇಬರಿಗೆ ಫೋನ್ ಮಾಡ್ತೀನಿ.” ಮಾಡಿದ. ಕೇಳಿಸಿಕೊಂಡ. ಮುಖ ಕೆಳಗೆ ಹಾಕಿದ. “ಒಬ್ಬರಿಗೆ ತೆಗೆದ್ರೆ ಎಲ್ಲರಿಗೂ ತೆಗೀಬೇಕಾಗತ್ತಂತೆ. ಆಂಬುಲೆನ್ಸ್ ಕರೀರಿ ಅಂದ್ರು.”

“ಥೂ ನಿನ್ನ! ಈ ಮರ ನೆಟ್ಟವನೇ ಇವನು ಕಣೋ!”

ವಾಚ್‌ಮನ್ ಆಂಬುಲೆನ್ಸಿಗೂ ಫೋನ್ ಮಾಡಿದ. ತನ್ನ ಬಾಟಲಿಯ ನೀರನ್ನು ಸರಳುಗಳ ಸಂದಿಯಿಂದ ಉದ್ದನ ತಲೆಗೆ ಸುರಿದ. ನೀರು ನೆಲಕ್ಕೆ ಬಿದ್ದದ್ದೇ ಆರಿತು. ನೆರಳು ಗೇಟಿನಿಂದ ಒಂದು ಮೊಳ ಒಳಗೆ, ತನ್ನಷ್ಟಕ್ಕೆ ತಾನು ಬಿದ್ದುಕೊಂಡಿತ್ತು. ಗಿಡ್ಡಿ ಅದನ್ನೇ ನೋಡಿದಳು. ಆಮೇಲೆ ಗಂಡನ ನೀಳವಾದ ಬಲಗೈಯನ್ನು ಸರಳಿನ ನಡುವೆ ತೂರಿಸಿ ಒಳಕ್ಕೆ ತಳ್ಳಿದಳು. ಮೊಣಕೈ ದಾಟಿತು. ಅಂಗೈ ನೆರಳನ್ನು ಮುಟ್ಟಿತು. ಕೈಯಾದರೂ ತಣ್ಣಗಿರಲಿ.

ಬೆರಳುಗಳು ಒಂದೆರಡು ಸಲ ಮಣ್ಣನ್ನು ತಡವಿದವು. ಆಂಬುಲೆನ್ಸ್ ಬರುವ ಹೊತ್ತಿಗೆ ಅದೂ ನಿಂತಿತ್ತು.

ಆಸ್ಪತ್ರೆಯವರು ಸಾವಿಗೆ ಕಾರಣ ಹೃದಯ ನಿಂತದ್ದು ಎಂದು ಬರೆದರು. ಪ್ರಾಧಿಕಾರದ ಸಾಹೇಬರು ಒಂದು ಕಾಗದ ಹಿಡಿದುಕೊಂಡು ಶವಾಗಾರದ ಬಾಗಿಲಿಗೇ ಬಂದರು.

“ಕುಡೀತಿದ್ನಾ?”

ಅವಳು ಇಲ್ಲವೆಂದು ತಲೆಯಾಡಿಸಿದಳು.

“ಬಿದ್ದಿದ್ದು ಗೇಟಿನ ಒಳಗಾ, ಹೊರಗಾ?”

“ಹೊರಗೆ.”

“ಹಾಗಾದ್ರೆ ನಮಗೆ ಸಂಬಂಧ ಇಲ್ಲ. ರಸ್ತೆ ಇಲಾಖೆಗೆ ಬರತ್ತೆ. ಇಲ್ಲೊಂದು ಹೆಬ್ಬೆಟ್ಟು ಒತ್ತು.”

“ಕೈ ಒಳಗಿತ್ತು ಸ್ವಾಮಿ.”

“ಏನು?”

“ಬಲಗೈ. ಒಳಗಿತ್ತು.”

ಸಾಹೇಬರು ಪಕ್ಕದವನ ಮುಖ ನೋಡಿದರು. ಗಿಡ್ಡಿ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಟ್ಟುಕೊಂಡಳು, ಬಿಡಿಸಲಿಲ್ಲ.

ಮಾರನೆಯ ದಿನ ಹನ್ನೊಂದು ಗಂಟೆಗೆ ಹೆಣ ಮನೆಗೆ ಬಂತು. ಮಗಳ ಬಸ್ಸು ಬರುವುದು ಮೂರಕ್ಕೆ. ಅಲ್ಲಿಯವರೆಗೆ ಇಡಬೇಕು. ತಗಡಿನ ಕೆಳಗೆ ಚಾಪೆ ಹಾಸಿ, ಕಾಲು ಹೊಸ್ತಿಲಾಚೆ ಬಂದದ್ದಕ್ಕೆ ಓರೆಯಾಗಿ ಮಲಗಿಸಿದರು. ಹನ್ನೆರಡಾಗುತ್ತಿದ್ದಂತೆ ಮಾಡು ಟಕ್ ಟಕ್ ಎಂದು ಸಿಡಿಯತೊಡಗಿತು. ಮೂಲೆಯ ಪ್ಲಾಸ್ಟಿಕ್ ಕೊಡ ಸೊಟ್ಟಗಾಯಿತು. ಅಳುತ್ತಿದ್ದ ಹೆಂಗಸರು ಒಬ್ಬೊಬ್ಬರೇ ಉಸಿರು ಕಟ್ಟಿ ಹೊರಗೆ ಹೋದರು. ಗಿಡ್ಡಿ ಒಬ್ಬಳೇ ನೊಣ ಓಡಿಸುತ್ತಾ ಕೂತಿದ್ದಳು. ಒಮ್ಮೆ ಹಣೆಯ ಮೇಲೆ ಕೈಯಿಟ್ಟಳು. ಶವಾಗಾರದಲ್ಲಿ ತಣ್ಣಗಾಗಿದ್ದ ಹಣೆ ಮತ್ತೆ ಬಿಸಿಯಾಗುತ್ತಿತ್ತು.

ಅವಳು ಎದ್ದಳು. “ಎತ್ತಿ” ಅಂದಳು.

“ಎಲ್ಲಿಗೇ?” ಎಂದಳು ಹೊಲಿಗೆಯಕ್ಕ.

“ಮರದ ಕೆಳಗೆ. ಮಗಳು ಬರೋ ತನಕ ಇವನು ಅಲ್ಲಿರ್ತಾನೆ.”

ಗ್ಯಾಂಗಿನ ಆರು ಜನ ಚಾಪೆ ಹಿಡಿದರು. ಗೇಟಿನ ಬಳಿ ಯಾರೂ ಕೂಗಲಿಲ್ಲ, ಬೇಡಲಿಲ್ಲ. ವಾಚ್‌ಮನ್ ಹೆಣವನ್ನು ನೋಡಿದ, ಕ್ಯಾಮೆರಾವನ್ನು ನೋಡಿದ. ಜೇಬಿನಿಂದ ಕೀಲಿ ತೆಗೆದು ಎರಡೂ ಬಾಗಿಲು ಅಗಲ ತೆರೆದ. ಅವರ ಹಿಂದೆ ನಲವತ್ತು ಮನೆಯವರೂ ಬಂದರು, ಕೆಲವರ ಹೆಗಲ ಮೇಲೆ ಮಣ್ಣು ಮಾಡಲೆಂದು ತೆಗೆದಿಟ್ಟ ಗುದ್ದಲಿ, ಸಲಿಕೆ. ಮೊದಮೊದಲು ಕಾಲುದಾರಿಯ ಮೇಲೇ ನಿಂತರು. ಆಮೇಲೆ ಹುಲ್ಲಿನ ಮೇಲೆ ಕೂತರು. ಒಬ್ಬ ಬಾಣಂತಿ ಕೊಂಬೆಗೆ ಸೀರೆ ಕಟ್ಟಿ ಮಗುವನ್ನು ಮಲಗಿಸಿದಳು.

ಸಾಹೇಬರ ಜೀಪು ಬಂದಾಗ ಗೇಟಿಗೆ ಒಳಗಿನಿಂದ ಬೀಗ ಬಿದ್ದಿತ್ತು.

“ತೆಗಿಯೋ ಬೀಗ! ಸಾರ್ವಜನಿಕರ ಜಾಗದಲ್ಲಿ ಹೆಣ ಇಟ್ಕೊಂಡು ಕೂತಿದ್ದೀರಾ? ನಾಚಿಕೆ ಆಗಲ್ವಾ?”

ವಾಚ್‌ಮನ್ ಎದ್ದು ನಿಂತು ಸೆಲ್ಯೂಟ್ ಹೊಡೆದ. “ನಾಲ್ಕಕ್ಕೆ ತೆಗೆಯೋದು ಸರ್” ಅಂದ.

“ಏನಂದೆ? ನಾಳೆಯಿಂದ ನೀನು...”

“ಗೊತ್ತು ಸರ್.”

ಸಾಹೇಬರು ಕರವಸ್ತ್ರ ತಲೆಯ ಮೇಲೆ ಹಾಕಿಕೊಂಡು ಫೋನಿನಲ್ಲಿ ಪೊಲೀಸರನ್ನು ಕರೆಯತೊಡಗಿದರು. ಹೊರಗೆ ನಿನ್ನೆ ಹಾಕಿದ ತಾರು ಮೆತ್ತಗಾಗಿತ್ತು, ಅವರ ಬೂಟು ಅಂಟಿಕೊಂಡು ಪಚಪಚ ಎನ್ನುತ್ತಿತ್ತು.

ಮೂರೂ ಕಾಲಿಗೆ ಮಗಳು ಬಂದಳು. ಅವಳೊಬ್ಬಳಿಗಾಗಿ ಗೇಟು ತೆರೆದು ಮುಚ್ಚಿತು. ಅಪ್ಪನ ಪಾದ ಹಿಡಿದುಕೊಂಡು ಕೂತವಳು ಹೆಬ್ಬೆರಳಿನ ಸಂದಿಯ ತಾರನ್ನು ಉಗುರಿನಿಂದ ಕೆರೆದು ಕೆರೆದು ತೆಗೆಯತೊಡಗಿದಳು. “ಎಣ್ಣೆ ಇಲ್ವೇನಮ್ಮ? ಎಣ್ಣೆ ಹಾಕಿದ್ರೆ ಹೋಗತ್ತೆ” ಎಂದು ಅದನ್ನೇ ಹೇಳುತ್ತಿದ್ದಳು. ಗಿಡ್ಡಿ ಮಗಳ ತಲೆಯನ್ನು ಎದೆಗೊತ್ತಿಕೊಂಡಳು. ಆಗ ಮಾತ್ರ ಅವಳ ಗಂಟಲಿನಿಂದ ಒಂದು ಸದ್ದು ಹೊರಟಿತು. ಹೊರಗೆ ಆಗಲೇ ಬಂದಿದ್ದ ಪೊಲೀಸರೂ ತಿರುಗಿ ನೋಡಿದರು.

“ನೋಡಮ್ಮ, ಮಗಳು ಬಂದಾಯ್ತು,” ಸಾಹೇಬರು ಸರಳಿನ ಆಚೆಯಿಂದ ದನಿ ತಗ್ಗಿಸಿ ಹೇಳಿದರು. “ನಾಲ್ಕಕ್ಕೆ ವಾಕಿಂಗಿನವರು ಬರ್ತಾರೆ. ಮರ್ಯಾದೆಯಾಗಿ ಎತ್ಕೊಂಡು ಹೋಗಿ ಮಣ್ಣು ಮಾಡಿ.”

ಗಿಡ್ಡಿ ಮುಖ ಒರೆಸಿಕೊಂಡಳು. ಗ್ಯಾಂಗಿನವರ ಕಡೆ ತಿರುಗಿ ಕೈ ಚಾಚಿದಳು. ಯಾರೂ ಏನು ಬೇಕೆಂದು ಕೇಳಲಿಲ್ಲ. ಗುದ್ದಲಿ ಅವಳ ಕೈಗೆ ಬಂತು. ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ, ಎರಡು ಮರಗಳ ನಡುವೆ ಜಾಗ ನೋಡಿ ಮೊದಲ ಏಟು ಹಾಕಿದಳು. ಹೆಂಗಸರು ಸಲಿಕೆ ಹಿಡಿದು ಬಂದರು. ದಿನವೆಲ್ಲ ನೆಲ ಅಗೆಯುವ ಕೈಗಳು. ಮಣ್ಣು ಬೇಗ ಬೇಗ ಮೇಲೆ ಬಂತು.

“ಏಯ್! ಏನು ಮಾಡ್ತಿದ್ದೀರಿ? ಏಯ್! ಬೀಗ ಒಡೀರಿ, ನೋಡ್ತಾ ನಿಂತಿದ್ದೀರಲ್ಲ!”

ಗೇಟಿನ ಮೇಲೆ ಕಬ್ಬಿಣ ಬಡಿಯುವ ಸದ್ದು ಶುರುವಾಯಿತು. ಗುಂಡಿ ಮೊಣಕಾಲು ಮುಳುಗುವಷ್ಟಾಗಿತ್ತು. ಯಾರದೋ ಗುದ್ದಲಿ ಗಟ್ಟಿಯಾದದ್ದಕ್ಕೆ ತಾಗಿ ಹಿಂದೆ ಚಿಮ್ಮಿತು. ತೋಳಿನಷ್ಟು ದಪ್ಪದ ಬೇರು, ಸಿಪ್ಪೆ ಸುಲಿದ ಕಡೆ ಬೆಳ್ಳಗೆ, ಒದ್ದೆಯಾಗಿ ಕಾಣಿಸಿತು. ಇನ್ನೊಂದು ಏಟಿಗೆ ಎತ್ತಿದ ಗುದ್ದಲಿಯನ್ನು ಗಿಡ್ಡಿ ಹಿಡಿದು ನಿಲ್ಲಿಸಿದಳು.

“ಬೇರು ಕಡೀಬೇಡಿ. ಆ ಕಡೆಯಿಂದ ಅಗೀರಿ.”

“ಗುಂಡಿ ಸೊಟ್ಟ ಆಗತ್ತಲ್ಲೇ.”

“ಆಗ್ಲಿ.”

ಅವಳು ಗುಂಡಿಗೆ ಇಳಿದು, ಮಂಡಿಯೂರಿ, ಬೇರಿನ ಕೆಳಗಿನ ಮಣ್ಣನ್ನು ಬರಿಗೈಯಲ್ಲಿ ಗೋರತೊಡಗಿದಳು. ಗೇಟಿನ ಒಂದು ಕೊಂಡಿ ಕಳಚಿ ಕಲ್ಲಿನ ಮೇಲೆ ಬಿದ್ದ ಸದ್ದಾಯಿತು. ಅವಳು ತಲೆಯೆತ್ತಲಿಲ್ಲ.